ಮಾಳಿಗೆಯ ಬಿಸಿಲಿಗೆ ಇಬ್ಬರು ಹಕ್ಕುದಾರರು

2024ನೆಯ ಇಸವಿ. ಆಗ ನನಗೆ ಐವತ್ತಮೂರು ವರ್ಷ; ಶಾಲೆಯ ಕೆಲಸ ಬಿಟ್ಟು ವರ್ಷವಾಗಿತ್ತು. ಹಾವೇರಿಯ ನಮ್ಮ ಮನೆಯ ಮಾಳಿಗೆಯ ತುಂಬ ಸೌರಫಲಕಗಳನ್ನು ಹಾಕಿಸಬೇಕೆಂಬುದು ನನ್ನ ಹಟ. ಪ್ರತಿ ಬೇಸಿಗೆಯಲ್ಲೂ ಓಣಿಯ ಮೂವರು ಹೆಂಗಸರೊಡನೆ ಅಲ್ಲಿ ಕುಳಿತು ಮಾರಾಟಕ್ಕೆ ಹಪ್ಪಳ, ಸಂಡಿಗೆ ಮಾಡುವ ಮಡದಿ ಗಿರಿಜಾಳದು ಅದು ಬಯಲಾಗಿಯೇ ಇರಬೇಕೆಂಬ ಹಟ. ಹಾಕಿಸಿದವರ ಮನೆಗಳನ್ನು ಕಣ್ಣಾರೆ ನೋಡಿ ತೀರ್ಮಾನಿಸೋಣವೆಂದು ಇಬ್ಬರೂ ಹೊರಟೆವು.

ಬೆಳಿಗ್ಗೆ ಏಳಕ್ಕೆ ರಾಣೆಬೆನ್ನೂರಿನ ಬಸ್ಸು ಹಿಡಿದೆವು. ಹೆಂಗಸರಿಗೆ ಪ್ರಯಾಣ ಉಚಿತವಾದ್ದರಿಂದ ಟಿಕೆಟ್ಟಿಗೆ ಹಣ ತೆತ್ತವನು ನಾನೊಬ್ಬನೆ.

"ಹಟಾ ಮಾಡಿದವರೇ ರೊಕ್ಕಾ ಕೊಡಬೇಕ್ರಿ," ಎಂದಳು ಗಿರಿಜಾ.

ರಾಣೆಬೆನ್ನೂರಿನಲ್ಲಿ ನನ್ನ ಹಳೆಯ ಸಹೋದ್ಯೋಗಿ ಬಸಣ್ಣನವರು ಮಂಡಕ್ಕಿ, ಮಿರ್ಚಿ ತಿನ್ನಿಸಿ ಮಾಳಿಗೆ ತೋರಿಸಿದರು. ಫಲಕಗಳು ಮೊಣಕಾಲೆತ್ತರದಲ್ಲಿ ಗೋಡೆಯಿಂದ ಗೋಡೆಗೆ ಹರಡಿದ್ದವು. "ಬಿಲ್ಲು ಭಾಳ ಇಳದೈತ್ರಿ, ಖರೇ," ಎಂದರು ಅವರ ಶ್ರೀಮತಿ. "ಆದ್ರ ಹಪ್ಪಳ ಹಾಕಾಕ ಬಾಜೂ ಮನಿ ಮಾಳಗಿ ಹತ್ತತೇನಿ." ಗಿರಿಜಾ ನನ್ನನ್ನು ನೋಡಿದಳು.

ಹಿಂದಿರುಗುವ ಬಸ್ಸಿನಲ್ಲಿ ಮೋಟೆಬೆನ್ನೂರಿಗೆ ಬಂದು, ಅಲ್ಲಿಂದ ಆಟೋದಲ್ಲಿ ಬ್ಯಾಡಗಿ ಸೇರಿದಾಗ ಹನ್ನೊಂದೂವರೆ. ಗಾಳಿಯಲ್ಲಿದ್ದ ಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಸೀನಿದೆವು. ಗಿರಿಜಾಳ ಚಿಕ್ಕಮ್ಮ ನೀಲವ್ವ ಮಸಾಲೆಪುಡಿ ಮಾಡಿ ಮಾರುವವರು. ಅವರ ಮಾಳಿಗೆಯ ದಕ್ಷಿಣಾರ್ಧದಲ್ಲಿ ಮಾತ್ರ ಎಂಟಡಿ ಎತ್ತರದ ಕಬ್ಬಿಣದ ಕಂಬಗಳ ಮೇಲೆ ಫಲಕಗಳಿದ್ದವು. ಬಯಲಾಗಿದ್ದ ಉತ್ತರಾರ್ಧದಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು. ಫಲಕಗಳಡಿಯ ನೆರಳಿನಲ್ಲಿ ನೀಲವ್ವ ಇನ್ನಿಬ್ಬರೊಡನೆ ಕುಳಿತು ತೊಟ್ಟು ಬಿಡಿಸುತ್ತಿದ್ದರು.

"ಬಾರವಾ, ಇಲ್ಲೆ ಕುಂದ್ರು," ಎಂದು ಗಿರಿಜಾಳನ್ನು ಕರೆದರು. "ಬಿಸಲು ಮೆಣಸಿನಕಾಯಿಗೆ ಬೇಕು. ನಮಗ್ಯಾಕ ಬೇಕು?"

ಇಷ್ಟು ವರ್ಷ ಬಿಸಿಲಿನಲ್ಲೇ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಸಂಡಿಗೆ ಹಾಕುತ್ತ ಬಂದಿದ್ದ ಗಿರಿಜಾ ತಲೆಯೆತ್ತಿ ಫಲಕಗಳನ್ನು ಬಹಳ ಹೊತ್ತು ನೋಡಿದಳು. ನಡುಮಧ್ಯಾಹ್ನ ನಾನು ಟೇಪು ಬಿಚ್ಚಿ ಅಳೆದೆ: ನೆರಳು ಚೌಕಟ್ಟಿನಿಂದ ಉತ್ತರಕ್ಕೆ ನಾಲ್ಕೇ ಅಡಿ ಚಾಚಿತ್ತು. ಯುಗಾದಿಯ ವೇಳೆಗೆ ಸೂರ್ಯನು ನೆತ್ತಿಯ ಸಮೀಪಕ್ಕೆ ಬರುವುದರಿಂದ ಅದು ಇನ್ನೂ ಗಿಡ್ಡವಾಗುತ್ತದೆ. ಸಂಡಿಗೆಯ ಬಿಸಿಲಿಗೆ ಅಡ್ಡಿಯಿಲ್ಲ.

"ಮಾಸ್ತರ, ಸಾಲಿ ಬಿಟ್ರೂ ಗಣಿತ ಬಿಡವಲ್ರಲ್ಲ," ಎಂದು ನೀಲವ್ವ ನಕ್ಕು, ರೊಟ್ಟಿ, ಝುಣಕ ಬಡಿಸಿದರು.

ಹಾವೇರಿಯ ಬಸ್ಸಿನಲ್ಲಿ ನಾನು ಮಾಳಿಗೆಯ ನಕ್ಷೆ ಬಿಡಿಸುತ್ತಿದ್ದಾಗ ಗಿರಿಜಾ ಬಾಗಿ ನೋಡಿದಳು.

"ಕಂಬಾ ಎಂಟಡಿ. ಅರ್ಧಾ ಮಾಳಗಿ ನಿಮ್ಮದು, ಅರ್ಧಾ ನಂದು. ನೆರಳು ಮಾತ್ರ ಪೂರ್ತಿ ನಂದು. ಒಪ್ಪಿಗೇನ್ರಿ?"

ಒಪ್ಪಿದೆ. ಷರತ್ತನ್ನು ನಕ್ಷೆಯ ಅಡಿಯಲ್ಲಿ ಬರೆದು, ಇಬ್ಬರೂ ಸಹಿ ಮಾಡಿ, ತಾರೀಖು ಹಾಕಿದೆವು: 2024ರ ಫೆಬ್ರವರಿ 18, ಭಾನುವಾರ.