ನಡುವಿನ ಕುರ್ಚಿ

ನನ್ನ ಭಾವ ಯಾರ ಮನೆಗೆ ಹೋದರೂ ನಮಸ್ಕಾರಕ್ಕಿಂತ ಮೊದಲು ಒಂದು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ತಲೆ ಓರೆ ಮಾಡಿಕೊಂಡು ಸುಮ್ಮನೆ ನಿಲ್ಲುತ್ತಾರೆ. ಗೊತ್ತಿಲ್ಲದವರು ಇವರಿಗೆ ಎಲ್ಲೋ ಒಂದು ಸುತ್ತು ಸಡಿಲ ಎಂದುಕೊಳ್ಳಬೇಕು. ಗೊತ್ತಿದ್ದವರು ಮಾತ್ರ "ಚಪ್ಪಾಳೆ ಮೇಸ್ತ್ರಿ ಬಂದ್ರು" ಎಂದು ಒಳಗೆ ಕರೆಯುತ್ತಾರೆ. ಮನೆಯೊಳಗೇ ಸಿನಿಮಾ ಕೋಣೆ ಮಾಡಿಸಿಕೊಳ್ಳುವವರಿಗೆ ಸ್ಪೀಕರ್ ಜೋಡಿಸಿಕೊಡುವುದು ಅವರ ಕಸುಬು. ಶಬ್ದ ಯಾವ ಗೋಡೆಗೆ ಬಡಿದು ವಾಪಸು ಬರುತ್ತದೆ, ಯಾವ ಮೂಲೆಯಲ್ಲಿ ಕಲಸಿಹೋಗುತ್ತದೆ ಎಂಬುದು ಆ ಒಂದು ಚಪ್ಪಾಳೆಯಲ್ಲಿ ಅವರಿಗೆ ತಿಳಿಯುತ್ತದೆ. ಕೋಣೆ ಗಂಯ್ ಎಂದರೆ ಅಲ್ಲಿ ನನಗೂ ಕೆಲಸವಿದೆ ಎಂದರ್ಥ. ಅಂಥ ಗೋಡೆಗಳಿಗೆ ದಪ್ಪ ಪರದೆ, ಸೋಫಾಗಳಿಗೆ ಕವರು ಹೊಲಿದುಕೊಡುವವಳು ನಾನು.

ಹಾಗಾಗಿ ಅವರ ಜೊತೆ ಬೇಕಾದಷ್ಟು ಮನೆ ತಿರುಗಿದ್ದೇನೆ, ಬೇಕಾದಷ್ಟು ಜಗಳವನ್ನೂ ಆಡಿದ್ದೇನೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಭಾವನಿಗೆ ಕೋಪವೇ ಬರುವುದಿಲ್ಲ. ಜಗಳಗಂಟಿಯ ಪಾಲಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಅವರದು ಒಂದೇ ಹಟ: ಮೊದಲು ಕುರ್ಚಿ, ಆಮೇಲೆ ಸ್ಪೀಕರ್. ಮನೆಯ ಯಜಮಾನರು ಸಾಮಾನ್ಯವಾಗಿ "ಶೋಕೇಸ್ ಪಕ್ಕ ಜಾಗ ಇದೆಯಲ್ಲಾ, ಅಲ್ಲೇ ಇಟ್ಬಿಡಿ" ಎನ್ನುತ್ತಾರೆ. "ಸಾರ್, ಶೋಕೇಸು ಸಿನಿಮಾ ನೋಡುತ್ತಾ? ಕೂರೋರು ಎಲ್ಲಿ ಕೂರ್ತಾರೆ ಹೇಳಿ" ಎನ್ನುತ್ತಾರೆ ಭಾವ. ಸಿನಿಮಾ ಪರದೆಯ ಎಡಕ್ಕೊಂದು, ಬಲಕ್ಕೊಂದು, ಮಾತು ಕೇಳಿಸಲು ನಡುವೆ ಒಂದು, ಬೆನ್ನ ಹಿಂದೆ ಎರಡು, ಗುಡುಗಿಗೆ ಮೂಲೆಯಲ್ಲೊಂದು ಡಬ್ಬ. ಇವೆಲ್ಲದರ ಶಬ್ದ ಒಂದೇ ಸಲ ಬಂದು ಸೇರುವ ಜಾಗ ಕೋಣೆಗೆ ಒಂದೇ ಇರುತ್ತದೆ. ಅಲ್ಲಿ ಒಂದು ಕುರ್ಚಿ. ಆ ಕುರ್ಚಿಗೆ ಮನೆಮಂದಿಯೆಲ್ಲ ಕಿತ್ತಾಡುತ್ತಾರೆ. "ಜೋಡಿಸೋದಕ್ಕೆ ಮಾತ್ರ ದುಡ್ಡು, ಜಗಳ ಫ್ರೀ" ಎಂದು ಭಾವ ನಗುತ್ತಾರೆ.

ತಮ್ಮ ಮನೆಯ ಮಹಡಿಯಲ್ಲೂ ಅಂಥದೊಂದು ಕೋಣೆ ಮಾಡಿದರು. ಗಿರಾಕಿಗಳು ಬಂದು, ಕೂತು, ಕೇಳಿ, ಮೆಚ್ಚಿ ಕೆಲಸ ಕೊಡುವುದು ಅದನ್ನು ನೋಡಿಯೇ. ಆದರೆ ನಡುವಿನ ಕುರ್ಚಿ ಮಾತ್ರ ನನ್ನ ಅಕ್ಕನದು. ಅಳತೆ ತೆಗೆದ ದಿನ ನಾನೇ ಟೇಪಿನ ತುದಿ ಹಿಡಿದು ಎಡಗಡೆಯ ಸ್ಪೀಕರ್ ಹತ್ತಿರ ನಿಂತಿದ್ದೆ. ಭಾವ ಅಕ್ಕನನ್ನು ಕೂರಿಸಿ, ಅವಳ ಎಡಗಿವಿಯ ಪಕ್ಕ ಬಗ್ಗಿ ಎತ್ತರ ನೋಡುತ್ತಾ, ಮೆಲ್ಲಗೆ, "ನೀನು ಕೂರ್ಲಿ ಅಂತಾನೇ ಕಣೇ ಈ ಕೋಣೆ. ನೀನಿಲ್ಲದಿದ್ರೆ ಇವೆಲ್ಲ ಬರೀ ಪೆಟ್ಟಿಗೆಗಳು" ಎಂದರು. ಮದುವೆಯಾದಾಗಿನಿಂದ ಆ ಮನುಷ್ಯನ ಬಾಯಲ್ಲಿ ಅಂಥ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಕಂಬದ ಹಾಗೆ ಎದುರಿಗೇ ನೋಡುತ್ತಾ ಕೂತಿದ್ದಳು. ತುಟಿಯೂ ಅಲುಗಲಿಲ್ಲ. ಭಾವನ ಮುಖ ಕೆಂಪಾಯಿತು, ಟೇಪು ಸುತ್ತಿಕೊಂಡರು. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಕಾಫಿಯನ್ನೂ ಕುಡಿಯದೆ ಮನೆಗೆ ಹೊರಟೆ.

ಆಮೇಲೂ ಅವಳದು ಅದೇ ರೀತಿ. ಸಿನಿಮಾದಲ್ಲಿ ತಮಾಷೆ ಬಂದಾಗ ಭಾವ ನಗುತ್ತಿದ್ದರು. ಅಕ್ಕ ಅವರ ಮುಖ ನೋಡಿ, ಒಂದು ಗಳಿಗೆ ತಡವಾಗಿ ನಗುತ್ತಿದ್ದಳು. ಒಮ್ಮೊಮ್ಮೆ ತೂಕಡಿಸುತ್ತಿದ್ದಳು. ಬರಬರುತ್ತಾ ಒಲೆ ಮೇಲೆ ಏನೋ ಇದೆ, ತಲೆನೋವಿದೆ ಎಂದು ಮಹಡಿ ಹತ್ತುವುದನ್ನೇ ಬಿಟ್ಟಳು.

ಒಂದು ದಿನ ಭಾವ ನನ್ನ ಅಂಗಡಿಗೆ ಬಂದರು. ಚಪ್ಪಾಳೆ ತಟ್ಟಲಿಲ್ಲ.

"ಭಾನುವಾರ ಬಂದು ಪರದೆ, ಕವರು ಎಲ್ಲಾ ಬಿಚ್ಕೊಂಡು ಹೋಗಮ್ಮ. ಸ್ಪೀಕರ್ ಮಾರ್ತೀನಿ. ಆ ಕೋಣೆ ಬಾಡಿಗೆಗೆ ಕೊಡ್ತೀನಿ."

"ಯಾಕೆ ಭಾವ? ಗಿರಾಕಿಗಳು?"

"ಊರವರೆಲ್ಲ ಬಂದು ಭೇಷ್ ಅಂತಾರೆ. ಯಾರಿಗೆ ಮಾಡಿದ್ನೋ ಅವಳಿಗೆ ಬೇಡ. ನನ್ನ ಜೊತೆ ಒಂದು ಗಂಟೆ ಕೂರೋದೂ ಅವಳಿಗೆ ಬೇಜಾರು."

ಅವರ ಕೋಪವನ್ನು ಅವತ್ತೇ ನಾನು ಕಂಡದ್ದು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಜಗಳವಾಗಿದ್ದರೆ ನನಗೆ ಹೆದರಿಕೆ ಇರುತ್ತಿರಲಿಲ್ಲ. ಮಾತೇ ಆಡದವರನ್ನು ರಾಜಿ ಮಾಡಿಸುವುದು ಹೇಗೆ?

ಭಾನುವಾರ ಮಧ್ಯಾಹ್ನ, ಅಕ್ಕನಿಗೆ ಹೇಳಬೇಕಾದ ಬೈಗುಳವನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡು ಹೋದೆ. ಭಾವ ಏಣಿ ಹತ್ತಿ ಹಿಂದಿನ ಸ್ಪೀಕರ್‌ನ ಸ್ಕ್ರೂ ಸಡಿಲಿಸುತ್ತಿದ್ದರು. ಅಕ್ಕ ವೈರುಗಳನ್ನು ಸುತ್ತಿಡುತ್ತಿದ್ದಳು. ನಾನು ಕವರು ಬಿಚ್ಚಲು ಶುರು ಮಾಡಿದೆ. ನಡುವಿನ ಕುರ್ಚಿಯದು ಹೊಲಿದು ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಎಡಗೋಡೆಗೆ ಒತ್ತಿಕೊಂಡಿದ್ದ ಹಳೆಯ ಸೋಫಾದ ಮೂಲೆಯಲ್ಲಿ ಮಾತ್ರ ಬಟ್ಟೆ ಸವೆದು ನೂಲು ಎದ್ದಿತ್ತು. ಯಾರೋ ದಿನವೂ ಅಲ್ಲಿ ಕೂತಿದ್ದಾರೆ. ಪಕ್ಕದ ಗೋಡೆಯ ಮೇಲೆ ಎಣ್ಣೆಯ ತಲೆ ಒರಗಿದ ಕಲೆ.

"ಇಲ್ಲಿ ಯಾರೇ ಕೂರೋದು?" ಎಂದೆ.

"ನಾನೇ. ಇವರು ಕೆಲಸಕ್ಕೆ ಹೋದಾಗ" ಎಂದಳು ಅಕ್ಕ, ಕದ್ದು ಸಿಕ್ಕಿಬಿದ್ದವಳ ಹಾಗೆ.

ಅಂದರೆ ಸಿನಿಮಾ ಬೇಡವೆಂದಲ್ಲ. ನಾನೂ ಆ ಮೂಲೆಯಲ್ಲಿ ಕೂತು ನೋಡಿದೆ. ತಲೆಯನ್ನು ಆ ಕಲೆಗೆ ಒರಗಿಸಿದರೆ ಎಡಗಿವಿ ಪೂರ್ತಿ ಗೋಡೆಗೆ ಒತ್ತಿ ಮುಚ್ಚಿಹೋಗುತ್ತಿತ್ತು. ಕೇಳಬೇಕೆಂದು ಕೂತವರು ಯಾರಾದರೂ ಒಂದು ಕಿವಿ ಮುಚ್ಚಿಕೊಳ್ಳುತ್ತಾರೆಯೇ? ರಸ್ತೆಯಲ್ಲಿ ನಡೆಯುವಾಗ ಅಕ್ಕ ನನ್ನನ್ನು ಎಳೆದು ತನ್ನ ಬಲಗಡೆಗೇ ಹಾಕಿಕೊಳ್ಳುತ್ತಿದ್ದದ್ದು ನೆನಪಾಯಿತು. ಎದ್ದು ಹೋಗಿ ಅವಳ ಎಡಗಡೆ, ಸ್ವಲ್ಪ ಹಿಂದೆ ನಿಂತೆ. ಅಕ್ಕನಿಗೆ ಹಲ್ಲಿಯೆಂದರೆ ಪ್ರಾಣಭಯ.

"ಅಕ್ಕಾ, ನಿನ್ನ ಹೆಗಲ ಮೇಲೆ ಹಲ್ಲಿ" ಎಂದೆ ಮೆಲ್ಲಗೆ.

ಅವಳು ವೈರು ಸುತ್ತುತ್ತಲೇ ಇದ್ದಳು.

ಏಣಿಯ ಮೇಲಿನ ಸದ್ದು ನಿಂತಿತು. ಭಾವ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಮ್ಮಿಬ್ಬರನ್ನು ನೋಡುತ್ತಿದ್ದರು. ನಾನು ಎದುರಿಗೆ ಬಂದು ಅಕ್ಕನ ಕೈ ಹಿಡಿದುಕೊಂಡೆ. "ಎಷ್ಟು ದಿನದಿಂದ?"

ಅವಳಿಗೆ ಅರ್ಥವಾಯಿತು. ನೆಲದ ಮೇಲೆ ಕೂತುಬಿಟ್ಟಳು.

"ಆ ಕೆಟ್ಟ ಜ್ವರ ಬಂದಿತ್ತಲ್ಲ, ಅದು ಬಿಟ್ಟ ಮೇಲೆ ಈ ಕಿವಿ ಹೋಯ್ತು. ಡಾಕ್ಟ್ರು ಇನ್ನು ಬರಲ್ಲ ಅಂದ್ರು. ಹೇಳೋಣ ಅಂತಲೇ ಇದ್ದೆ ಕಣೇ. ಅಷ್ಟರಲ್ಲಿ ಇವರು ಕೋಣೆ ಶುರು ಮಾಡಿದ್ರು. ಇಡೀ ಊರಿಗೆ ಶಬ್ದ ಸರಿ ಮಾಡೋರ ಹೆಂಡತಿಗೇ ಕಿವುಡು ಅಂದ್ರೆ ಜನ ಆಡ್ಕೊಳ್ಳಲ್ವಾ? ಆ ನಡುವಿನ ಕುರ್ಚೀಲಿ ಕೂತ್ರೆ ಹಿಂದಿಂದ ಮಳೆ, ಮುಂದಿಂದ ಕಾರು, ಎಲ್ಲಾ ಕಲಸಿ ಒಂದೇ ಗದ್ದಲ. ಮಾತು ಮಾತ್ರ ಸಿಗಲ್ಲ. ಅಷ್ಟು ಕಷ್ಟಪಟ್ಟು ಮಾಡಿದೋರಿಗೆ ಯಾವ ಬಾಯಲ್ಲಿ ಹೇಳ್ಲಿ?"

ಭಾವ ಏಣಿಯ ಮೇಲಿಂದಲೇ ಕೇಳಿದರು. "ಅಳತೆ ತಗೊಂಡ ದಿನ ನಾನು ಹೇಳಿದ್ದು?"

"ಏನ್ರೀ? ಏನು ಹೇಳಿದ್ರಿ?"

ಭಾವ ನನ್ನನ್ನು ನೋಡಿದರು. ಆ ಮಾತು ಕೇಳಿಸಿಕೊಂಡಿದ್ದವಳು ಈ ಲೋಕದಲ್ಲಿ ನಾನೊಬ್ಬಳೇ. ನನಗೆ ಅಳು ಬಂದುಬಿಟ್ಟಿತು. ದೀಪದ ಬುಡದಲ್ಲೇ ಕತ್ತಲೆ ಎಂದು ಹೇಳುವುದು ಸುಲಭ. ಕಂಡವರ ಮನೆಯ ಗೋಡೆಗಳ ದೋಷ ಹಿಡಿಯುವವರು ತಮ್ಮ ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಅವಳು ಅವರ ಶ್ರಮಕ್ಕೆ ಮರ್ಯಾದೆ ಕೊಟ್ಟು ಬಾಯಿ ಬಿಡಲಿಲ್ಲ. ಒಬ್ಬರ ಮೇಲೊಬ್ಬರಿಗೆ ಇದ್ದ ಪ್ರೀತಿಯೇ ಇಬ್ಬರ ಬಾಯಿಗೂ ಬೀಗ ಹಾಕಿತ್ತು.

"ಕವರು ಬಿಚ್ಚಬೇಡ" ಎಂದು ಭಾವ ಕೆಳಗಿಳಿದರು. ಅಕ್ಕನನ್ನು ಎಬ್ಬಿಸಿ ಸೋಫಾದ ಮೂಲೆಯಲ್ಲಿ ಕೂರಿಸಿದರು. ಕೋಣೆಯ ಒಂದು ಕಡೆ ನಿಂತು ಚಪ್ಪಾಳೆ ತಟ್ಟಿ, "ಕೇಳ್ತಾ?" ಎಂದರು. ಇನ್ನೊಂದು ಕಡೆ ಹೋಗಿ ತಟ್ಟಿದರು. "ಈಗ?" ಇಷ್ಟು ವರ್ಷ ತಮ್ಮ ಕಿವಿಗಾಗಿ ತಟ್ಟುತ್ತಿದ್ದವರು ಇನ್ನೊಬ್ಬರನ್ನು ಕೇಳುತ್ತಾ ತಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅವರು ಮಾಡಿದ್ದನ್ನು ಅವರ ಕಸುಬಿನ ಬೇರೆ ಯಾರಾದರೂ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಬೆನ್ನ ಹಿಂದಿನ ಎರಡು ಸ್ಪೀಕರ್‌ಗಳ ವೈರು ಕಿತ್ತರು. ಮಾತಿನ ಸ್ಪೀಕರನ್ನು ಪರದೆಯ ನಡುವಿನಿಂದ ತೆಗೆದು ಕೋಣೆಯ ಬಲಭಾಗಕ್ಕೆ ತಂದು, ಅಕ್ಕನ ಬಲಗಿವಿಗೆ ಮುಖ ಮಾಡಿ ಇಟ್ಟರು. ಸೋಫಾ ಸರಿಸಿ, ನಡುವಿನ ಕುರ್ಚಿಯನ್ನು ಎತ್ತಿ ತಂದು ಎಡಗೋಡೆಯ ಪಕ್ಕಕ್ಕೆ ಹಾಕಿ, ಅಕ್ಕನನ್ನು ಅದರಲ್ಲಿ ಕೂರಿಸಿದರು. ಗುಡುಗಿನ ಡಬ್ಬ ಬಾಗಿಲಾಚೆಗೆ ಹೋಯಿತು.

"ಭಾವ, ಗಿರಾಕಿ ಬಂದ್ರೆ ನಗ್ತಾರೆ" ಎಂದೆ.

"ಅವರ ಮನೇಲಿ ಅವರ ಕುರ್ಚಿಗೆ ಮಾಡ್ಕೊಡ್ತೀನಿ. ಇದು ಇವಳ ಕುರ್ಚಿ."

ಮುಂದೆ ಒಬ್ಬರು ಬಂದು ಕೂತು, ಶಬ್ದವೆಲ್ಲ ಒಂದೇ ಕಡೆ ವಾಲಿದೆ, ಮೇಸ್ತ್ರಿಗೆ ವಯಸ್ಸಾಯಿತು ಎಂದು ಹೇಳಿ ಕೆಲಸವನ್ನು ಬೇರೆಯವರಿಗೆ ಕೊಟ್ಟದ್ದೂ ಉಂಟು. ಭಾವ ಒಂದು ಸ್ಪೀಕರನ್ನೂ ಅಲುಗಿಸಲಿಲ್ಲ. ಈಗ ಹೊಸ ಮನೆಗೆ ಹೋದರೆ ಚಪ್ಪಾಳೆಗೆ ಮೊದಲು, ಯಾರಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ವಿಚಾರಿಸುತ್ತಾರೆ.

ಆ ಭಾನುವಾರ ಮಧ್ಯಾಹ್ನವೇ ಮತ್ತೆ ಟೇಪು ಹೊರಬಂತು. ನಾನು ತುದಿ ಹಿಡಿದೆ. ಭಾವ ಈ ಸಲ ಅಕ್ಕನ ಬಲಕ್ಕೆ ಬಗ್ಗಿ, ಹಿಂದೆ ಹೇಳಿದ್ದ ಅದೇ ಮಾತನ್ನು ಹೇಳಿದರು. ಅಕ್ಕ ಅವರ ಕಡೆ ತಿರುಗಿದಳು.

"ಆವತ್ತು ಇದನ್ನಾ ಹೇಳಿದ್ದು? ನೀವು ಇಂಚು ಲೆಕ್ಕ ಹಾಕ್ತಿದ್ದೀರಿ ಅಂದ್ಕೊಂಡಿದ್ದೆ."

ಎಲ್ಲರೂ ಎಷ್ಟೋ ಸಲ ನೋಡಿದ್ದ ಒಂದು ಹಳೆಯ ನಗೆಚಿತ್ರ ಹಾಕಿದರು. ನಾನು ಹಿಂದೆ ಕೂತಿದ್ದೆ. ನನಗೆ ಅರ್ಧ ಮಾತು ಕೇಳುತ್ತಿರಲಿಲ್ಲ, ಅಷ್ಟು ಕೆಟ್ಟದಾಗಿ ಜೋಡಿಸಿದ್ದರು. ಪರದೆಯ ಮೇಲೆ ಯಾರೋ ಏನೋ ಅಂದರು. ಅಕ್ಕ ಗೊಳ್ಳೆಂದು ನಕ್ಕಳು. ಭಾವ ಸಿನಿಮಾ ನೋಡುತ್ತಲೇ ಇರಲಿಲ್ಲ. ಅವರು ಅವಳ ಮುಖ ನೋಡಿ, ಒಂದು ಗಳಿಗೆ ತಡವಾಗಿ ನಕ್ಕರು.