ಟೀಚರಿಗಾಗಿ ನಿಂತ ಕಾಫಿ ಕೊಯ್ಲು

ಬೆಳಿಗ್ಗೆ ಆಲ್ದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಾಫಿಹಣ್ಣು ತುಂಬಿದ ಜೀಪೊಂದು ಹಾದುಹೋಯಿತು. ಆ ಹುಳಿಸಿಹಿ ವಾಸನೆಗೆ ನಾನು ಬೆಳೆದ ಸಂಸೆ ಪಕ್ಕದ ತೋಟ ನೆನಪಾಯಿತು.

ಚಿಕ್ಕಂದಿನಲ್ಲಿ ಒಂದು ಭಾನುವಾರ ಅಮ್ಮನ ಜೊತೆ ಕೊಯ್ಲಿಗೆ ಹೋಗಿದ್ದೆ. ಪಕ್ಕದ ಸಾಲಿನಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದವರು ನಮ್ಮ ತೋಟದ ಶಾಲೆಯ ಸುಮಿತ್ರಾ ಟೀಚರ್! ನನ್ನನ್ನು ಕಂಡು ಅವರು ತಲೆ ತಗ್ಗಿಸಿದರು.

"ನೀವ್ಯಾಕೆ ಟೀಚರೇ ಇಲ್ಲಿ?" ಅಮ್ಮ ಕೇಳಿದಳು.

"ಶಾಲೇಲಿ ನಿಮ್ಮ ಕೂಲಿಯ ಅರ್ಧಾನೂ ಬರಲ್ಲ ಅಕ್ಕ."

ಮರುದಿನ ಅಮ್ಮ ತೋಟದ ಕೆಲಸದವರ ಲೈನ್ ಮನೆಗಳ ಹೆಂಗಸರನ್ನೆಲ್ಲ ಕರೆದುಕೊಂಡು, ಶಾಲೆ ನಡೆಸುತ್ತಿದ್ದ ತೋಟದ ಸಾಹುಕಾರರ ಅಂಗಳದಲ್ಲಿ ನಿಂತಳು. ಅವರೆದುರು ಅವಳು ಎಂದೂ ದನಿ ಎತ್ತಿದವಳಲ್ಲ.

"ನಮ್ಮ ಮಕ್ಕಳಿಗೆ ಅಕ್ಷರ ಕಲಿಸೋರಿಗೆ ನಮಗಿಂತ ಕಮ್ಮಿ ಕೊಡ್ತೀರಲ್ಲ ಸಾಹುಕಾರ್ರೇ, ಇದು ಸರಿಯಾ? ಅವ್ರ ಸಂಬಳ ಸರಿ ಮಾಡೋ ತನಕ ನಾವು ಕೊಯ್ಯಲ್ಲ."

"ಅದೆಲ್ಲ ನಿಮಗ್ಯಾಕೆ?" ಎಂದು ಸಾಹುಕಾರರು ಒಳಗೆ ನಡೆದರು.

ಎರಡು ದಿನ ತೋಟಕ್ಕೆ ಯಾರೂ ಇಳಿಯಲಿಲ್ಲ. ಗಿಡದ ಹಣ್ಣು ಉದುರತೊಡಗಿತು, ನಮ್ಮ ಮನೆಯ ಗಂಜಿಯೂ ತೆಳುವಾಯಿತು. ಅಮ್ಮ ಜಗ್ಗಲಿಲ್ಲ. ಮೂರನೆಯ ದಿನ ಸಾಹುಕಾರರೇ ನಮ್ಮ ಬಾಗಿಲಿಗೆ ಬಂದರು.

"ಆಯ್ತು ಮಾರಾಯ್ತಿ, ಟೀಚರಿಗೆ ನಿಮ್ಮ ಕೂಲಿಗಿಂತ ಹೆಚ್ಚೇ ಕೊಡ್ತೀನಿ. ನಾಳೆ ಕೊಯ್ಲಿಗೆ ಬನ್ನಿ."

ಹೆಂಗಸರು ಹಾಕಿದ ಕೇಕೆ ಗುಡ್ಡದಾಚೆಗೂ ಕೇಳಿರಬೇಕು. ಸುಮಿತ್ರಾ ಟೀಚರ್ ಓಡಿಬಂದು ಅಮ್ಮನನ್ನು ತಬ್ಬಿಕೊಂಡರು. ಆಮೇಲೆ ಅವರು ಭಾನುವಾರ ತೋಟದಲ್ಲಿ ಕಾಣಲೇ ಇಲ್ಲ.

ಈಗ ನಾನೂ ಟೀಚರ್. ನಮ್ಮಂಥ ಅತಿಥಿ ಶಿಕ್ಷಕರ ಸಂಬಳ ಹೆಚ್ಚಿಸಿ ಎಂದು ಕೇಳಲು ಇವತ್ತು ಚಿಕ್ಕಮಗಳೂರಿಗೆ ಹೊರಟಿದ್ದೆ. ಬಸ್ಸು ಬಂದು ನಿಂತೊಡನೆ, ನನ್ನನ್ನು ಕಳಿಸಲು ಬಂದಿದ್ದ ಅಮ್ಮ ನನಗಿಂತ ಮೊದಲೇ ಹತ್ತಿ ಕೂತಳು.