ಕೆಂಚಯ್ಯನ ಜೀಪಿನ ಬ್ರೇಕು

ಆ ದಿನವೂ ಬೇರೆ ದಿನಗಳ ಹಾಗೆಯೇ ಇತ್ತು. ಮುಳ್ಳೂರಿನ ಕೆಂಚಯ್ಯ ಬೆಳಿಗ್ಗೆ ತಂಗಳಿಟ್ಟು ಉಂಡು, ಜಗಲಿಯ ಮೇಲೆ ಬಲಗಾಲು ನೀಡಿ ಕೂತ. ಹೆಂಡತಿ ಚಿಕ್ಕನಿಂಗಮ್ಮ ಅವನ ಮಂಡಿಗೆ ಹರಳೆಣ್ಣೆ ತಿಕ್ಕಿದಳು.

"ರವಷ್ಟು ಮೆಲ್ಗೆ ತಿಕ್ಕಮ್ಮಿ. ಮಂಡಿ ಕಣೆ ಅದು, ಒಳಕಲ್ಲಲ್ಲ."

"ಒಳಕಲ್ಲಾದ್ರೂ ಇಷ್ಟು ಸವೀತಿರ್ಲಿಲ್ಲ. ಜೀಪಿನ ಬ್ರೇಕಿಗೆ ಆ ಬೂಸ್ಟರ್ ಆಕ್ಸು ಅಂದ್ರೆ ಕೇಳಕಿಲ್ಲ ನೀನು."

"ಸುರು ಮಾಡ್ಕಂಡ್ಲು. ರೇಸ್ಮೆಗೂಡಿನ ಸೀಸನ್ ಮುಗೀಲಿ, ನೋಡುವ."

ಹಾಗಂದು ಎದ್ದು, ಕುಂಟುತ್ತ ಹೋಗಿ ಜೀಪು ತೆಗೆದ. ಸಂಜೆ ಬಂದ. ಉಂಡ. ಮಲಗಿದ. ಅಂದು ಏನು ಸಾರು ಮಾಡಿದ್ದಳೋ ಚಿಕ್ಕನಿಂಗಮ್ಮನಿಗೆ ಈಗ ನೆನಪಿಲ್ಲ. ನೆನಪಿಟ್ಟುಕೋ ಎಂದು ಯಾರೂ ಹೇಳಿರಲಿಲ್ಲ.

ಆ ಜೀಪನ್ನು ಕೆಂಚಯ್ಯ ಯಾವ ಕಂಪನಿಯಿಂದಲೂ ತಂದದ್ದಲ್ಲ. ಕೊಳ್ಳೇಗಾಲದಲ್ಲಿ ರಂಗರಾಜು ಎಂಬ ಮೆಕ್ಯಾನಿಕ್ಕಿನ ಶೆಡ್ಡಿನ ಹಿಂದೆ ಇಬ್ಬರೂ ಸೇರಿ ಕೂಡಿಸಿದ್ದು. ಹರಾಜಿಗೆ ಬಂದ ಹಳೇ ಜೀಪಿನ ಚಾಸಿ, ಇನ್ನೊಂದು ಗಾಡಿಯ ಡೀಸೆಲ್ ಇಂಜಿನ್, ಮತ್ತೊಂದರ ಗೇರ್‌ಬಾಕ್ಸು. ಬಾಡಿ ತಗಡಿನದು. ಹನೂರು ಕಡೆಯಿಂದ ರೇಷ್ಮೆಗೂಡನ್ನೂ ಗೂಡಿನ ಜೊತೆ ರೈತರನ್ನೂ ತುಂಬಿಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ಓಡಿಸುತ್ತಿದ್ದ. ಹತ್ತಿದವರೆಲ್ಲ ಕೆಣಕುವವರೇ.

"ಕೆಂಚಣ್ಣ, ನಿನ್ ಗಾಡಿ ಯಾವ ಜಾತಿಯಪ್ಪ?"

"ಮಿಶ್ರತಳಿ ಕಣ್ಲಾ. ನಿನ್ ಗೂಡ್ನಂಗೇಯ. ಸುಮ್ಕೆ ಕೂತ್ಕೊ."

ಎಲ್ಲ ಕೂಡಿದ ಮೇಲೆ ಉಳಿದದ್ದು ಬ್ರೇಕು. ರಂಗರಾಜು ಗುಜರಿಯಿಂದ ಒಂದು ಬೂಸ್ಟರ್ ತಂದಿದ್ದ. ಮುಚ್ಚಳ ಹಾಕಿದ ಡಬರಿಯಂಥ ಸಾಮಾನು. ಅದನ್ನು ಕೂರಿಸಿದರೆ ಕಾಲು ಅರ್ಧ ಒತ್ತಿದರೆ ಸಾಕು, ಮಿಕ್ಕರ್ಧ ಇಂಜಿನ್ ಒತ್ತುತ್ತದೆ. ಕೆಂಚಯ್ಯ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇಂಜಿನ್ ನಿಂತೋದ್ರೆ?"

"ಒಂದೆರಡು ಸಲ ಇಡೀತದೆ. ಆಮೇಲೆ ಪೆಡಲ್ಲು ಕಲ್ಲು" ಎಂದ ರಂಗರಾಜು.

"ಅಂಗಾರೆ ಬ್ಯಾಡ. ಇಳಿಜಾರಲ್ಲಿ ಇಂಜಿನ್ ಆಫ್ ಮಾಡ್ದೆ ಇರೋ ಡ್ರೈವರು ಈ ದಾರೀಲಿ ಯಾವನ್ಲಾ ಅವ್ನೆ? ನಾನೇ ಮಾಡ್ತೀನಿ."

ಅದು ನಿಜ. ಇಳಿಜಾರು ಬಂತೆಂದರೆ ನ್ಯೂಟ್ರಲ್ಲಿಗೆ ಹಾಕಿ ಕೀ ತಿರುಗಿಸಿಬಿಡುವುದು ಆ ದಾರಿಯವರ ರೂಢಿ. ಡೀಸೆಲ್ ಉಳಿಯುತ್ತದೆ. ಎಷ್ಟು ದೂರ ಸದ್ದಿಲ್ಲದೆ ಇಳಿಸಿದೆ ಎಂದು ಟೀ ಅಂಗಡಿಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಾರೆ. ಅದು ಕೆಟ್ಟ ಚಾಳಿ ಎಂದು ಕೆಂಚಯ್ಯನಿಗೆ ಗೊತ್ತಿತ್ತು, ಬಿಡಲು ಆಗಿರಲಿಲ್ಲ. ಅದಕ್ಕೆ ಚಾಳಿಗೆ ತಕ್ಕ ಬ್ರೇಕು ಹಾಕಿದ. ಬೂಸ್ಟರ್ ಇಲ್ಲದ ಬರೀ ಬ್ರೇಕು.

"ಗಟ್ಟಿಯಾದ್ರೂ ದಿನಾ ಒಂದೇ ಥರ ಇರ್ತದೆ. ಕಾಲಿಗೆ ಮೋಸ ಮಾಡಕಿಲ್ಲ" ಎಂದ.

ಬ್ರೇಕ್ ಆಯಿಲ್ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆಯುವ ದಿನ ಸೀಟಿನ ಮೇಲೆ ಕೂತು ಪೆಡಲ್ಲು ಒತ್ತಿದವಳು ಚಿಕ್ಕನಿಂಗಮ್ಮ. ಅವನು ಗಾಡಿಯಡಿ ಮಲಗಿ ಕೂಗುತ್ತಿದ್ದ: ಒತ್ತು, ಇಡ್ಕೊ, ಬುಡು. ಒತ್ತಿ ಒತ್ತಿ ಅವಳ ತೊಡೆ ನಡುಗಿತು.

"ನನ್ ಕೈಲಾಗಕಿಲ್ಲ."

"ನೀನೇನ್ ಅನೂರಿಗೆ ಓಡ್ಸಿಯಾ? ಒತ್ತಮ್ಮಿ."

ಆಗ ಅವನ ಕಾಲು ಗಟ್ಟಿಯಿತ್ತು. ಒಂದು ಗೂಡಿನ ಸೀಸನ್ನಿನಲ್ಲಿ ಮೂಟೆ ಹೊತ್ತು ಇಳಿಸುವಾಗ ಜಾರಿ ಬಿದ್ದ. ಅಲ್ಲಿಂದ ಮಂಡಿ ಕೆಟ್ಟಿತು. ಅಲ್ಲಿಂದ ಅವಳು ಬೂಸ್ಟರ್ ಜಪ ಹಿಡಿದಳು, ಅವನು ನೋಡುವ ನೋಡುವ ಎಂದ.

ಆ ಮಾಮೂಲಿ ದಿನದ ಮಾರನೇ ದಿನ, ಹನೂರಿನಿಂದ ಬರುವ ಇಳಿಜಾರಿನಲ್ಲಿ ಕುರಿಮಂದೆ ಅಡ್ಡ ಬಂತು. ಪಕ್ಕದಲ್ಲಿ ಕೂತಿದ್ದ ಗೂಡಿನ ರೈತ ನಾಗಯ್ಯ ಮನೆಗೆ ಬಂದು ಹೇಳಿದ.

"ಪೆಡಲ್ ಮ್ಯಾಲೆ ಎದ್ದು ನಿಂತ್ಕಂಡ ಕಣವ್ವ. ಮಂಡಿ ಮಡಚ್ಕತು. ಅಯ್ಯೋ ಕಾಲು ಅಂದ. ಅಷ್ಟೇಯ."

ಜೀಪು ರಸ್ತೆಬದಿಯ ಮೋರಿಕಟ್ಟೆಗೆ ಗುದ್ದಿತ್ತು. ಸ್ಟೇರಿಂಗು ಅವನ ಎದೆಗೆ ಹೊಡೆದಿತ್ತು. ಹಿಂದೆ ಕೂತವರಿಗೆ ತರಚುಗಾಯ. ಕುರಿಗಳಿಗೆ ಅದೂ ಇಲ್ಲ.

ಮಣ್ಣಿಗೆ ಬಂದವರೆಲ್ಲ ಒಂದೇ ಮಾತು: ಬೂಸ್ಟರ್ ಹಾಕಿಸಿದ್ದರೆ ಉಳಿಯುತ್ತಿದ್ದ. ನೀನು ಬಡ್ಕತಿದ್ದೆಯಂತಲ್ಲವ್ವ ಎಂದರು. ತಾನು ಹೇಳಿದ್ದೇ ಸರಿಯಾಯಿತು ಎಂಬುದನ್ನು ಇಟ್ಟುಕೊಂಡು ಅವಳು ಏನು ಮಾಡಬೇಕು?

ತಿಂಗಳುಗಳು ಕಳೆದವು. ಮನೆ ನಡೆಯಬೇಕಲ್ಲ. ರಂಗರಾಜು ಜೀಪಿನ ಮುಂಭಾಗ ಬಡಿದು ನೆಟ್ಟಗೆ ಮಾಡಿದ. ಓಡಿಸಲು ಕೆಂಚಯ್ಯನ ತಮ್ಮ ಮಾದಸ್ವಾಮಿ ಬಂದ. ಅವನಿಗೂ ಹೆಂಡತಿಯಿದ್ದಾಳೆ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಶೆಡ್ಡಿನಲ್ಲಿ ರಂಗರಾಜು ಅದೇ ಡಬರಿಯಂಥ ಬೂಸ್ಟರನ್ನು ಒರೆಸಿ ಮುಂದಿಟ್ಟ.

"ಅಕ್ಕ, ಗಾಡಿ ನಿಮ್ದು. ಇದ್ನ ಆಕ್ಲಾ, ಬ್ಯಾಡ್ವಾ?"

"ಆಕು ಆಕು. ಅದ್ನೂ ಕೇಳ್ಬೇಕಾ?" ಎಂದ ಮಾದಸ್ವಾಮಿ.

ಚಿಕ್ಕನಿಂಗಮ್ಮ ಅವನ ಕಡೆ ತಿರುಗಿದಳು. "ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿಯಾ?"

ಮಾದಸ್ವಾಮಿ ಕತ್ತು ಕೆರೆದುಕೊಂಡ. "ಎಲ್ರೂ ಮಾಡ್ತಾರೆ ಅತ್ಗೆ."

"ನಾನು ಎಲ್ರ ಸುದ್ದಿ ಕೇಳ್ನಿಲ್ಲ."

ಅವನು ಬಗ್ಗಿ ಟೈರು ಒತ್ತಿ ನೋಡತೊಡಗಿದ. ಅವಳಿಗೆ ಉತ್ತರ ಗೊತ್ತಾಯಿತು.

ಹಾಕಿಸಿದರೆ, ಆಫ್ ಮಾಡಿದ ಇಳಿಜಾರಿನಲ್ಲಿ ಪೆಡಲ್ಲು ಕಲ್ಲಾಗಿ, ಕೆಂಚಯ್ಯ ಹೆದರಿದ್ದು ಇವನಿಗೆ ಆಗಬಹುದು. ಹಾಕಿಸದಿದ್ದರೆ ಕೆಂಚಯ್ಯನಿಗೆ ಆದದ್ದೇ ಆಗಬಹುದು. ಇವನ ಕಾಲು ಚೆನ್ನಾಗಿದೆ. ಕೆಂಚಯ್ಯನದೂ ಮೊದಲು ಚೆನ್ನಾಗಿಯೇ ಇತ್ತು. ಅವಳಿಗೆ ಸಾಕಾಗಿ ಹೋಗಿತ್ತು. ಯಾರಾದರೂ ಗಂಡಸರು ಹೇಳಿಬಿಡಲಿ, ತಾನು ಮನೆಗೆ ಹೋಗಿ ಮಲಗುತ್ತೇನೆ ಅನ್ನಿಸಿತು. ಇಬ್ಬರೂ ಅವಳ ಮುಖ ನೋಡುತ್ತ ನಿಂತಿದ್ದರು.

ಮಂಡಿಗೆ ಬುದ್ಧಿ ಹೇಳಲಾಗುವುದಿಲ್ಲ. ಕೀ ತಿರುಗಿಸುವುದು ಕೈ. ಕೈ ಇರುವವನಿಗೆ ಹೇಳಬಹುದು, ಬೈಯಬಹುದು. ಅಷ್ಟೇ ಅವಳಿಗೆ ತೋಚಿದ್ದು.

"ಆಕು" ಎಂದಳು ರಂಗರಾಜುಗೆ. ಮಾದಸ್ವಾಮಿಗೆ, "ಆಫ್ ಮಾಡ್ದೆ ಅಂತ ಗೊತ್ತಾದ ದಿನ ಗಾಡಿ ಮುಟ್ಟಂಗಿಲ್ಲ ನೀನು" ಎಂದಳು.

"ನಿನ್ಗೆಂಗೆ ಗೊತ್ತಾದ್ದು ಅತ್ಗೆ? ಪಕ್ಕದಲ್ಲಿ ಬಂದು ಕೂತ್ಕಂಡಿಯಾ?" ಎಂದು ನಕ್ಕ.

ಗೊತ್ತು ಮಾಡಿಕೊಳ್ಳುವ ದಾರಿ ಅವಳಿಗೆ ವಾರ ಕಳೆದ ಮೇಲೆ ಸಿಕ್ಕಿತು. ಡೀಸೆಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇದೆ. ಮಾದಸ್ವಾಮಿ ದಿನಾ ಹೊರಡುವಾಗ ಬಂಕಿನಲ್ಲಿ ಬಾಯಿಮಟ್ಟ ತುಂಬಿಸುತ್ತಾನೆ. ಒಂದು ದಿನ ಅವಳು ತಾನೇ ಜೊತೆಗೆ ಕೂತು ಹನೂರಿಗೆ ಹೋಗಿ ಬಂದಳು. ಇಳಿಜಾರಿನಲ್ಲೂ ಇಂಜಿನ್ ಆಫ್ ಮಾಡಗೊಡಲಿಲ್ಲ. ಬಂದು ಟ್ಯಾಂಕಿಗೆ ಹಿಪ್ಪುನೇರಳೆ ಕಡ್ಡಿ ಅದ್ದಿ, ಒದ್ದೆ ನಿಂತ ಕಡೆ ಕುಡುಗೋಲಿನಿಂದ ಗೀಟು ಹಾಕಿದಳು. ಆಫ್ ಮಾಡಿ ಇಳಿಸಿದ ದಿನ ಡೀಸೆಲ್ ಆ ಗೀಟಿಗಿಂತ ಮೇಲೆ ನಿಲ್ಲುತ್ತದೆ.

ಈಗ ಬೆಳಿಗ್ಗೆ ಕಸ ಗುಡಿಸುವುದಕ್ಕೆ ಮುಂಚೆ ಸೀಟು ಎತ್ತುತ್ತಾಳೆ, ಮುಚ್ಚಳ ತಿರುವುತ್ತಾಳೆ, ಕಡ್ಡಿ ಅದ್ದುತ್ತಾಳೆ. ಡೀಸೆಲ್ ಖರ್ಚಾಯಿತೆಂದು ಡ್ರೈವರನ್ನು ಬೈಯುವ ಓನರುಗಳು ಊರ ತುಂಬ ಇದ್ದಾರೆ. ಉಳಿಯಿತೆಂದು ಬೈಯುವವಳು ಮುಳ್ಳೂರಿನಲ್ಲಿ ಇವಳೊಬ್ಬಳೇ.

"ಯಾಕ್ಲಾ ಗೀಟಿಂದ ಮ್ಯಾಲದೆ?"

"ನೆನ್ನೆ ಗೂಡು ಕಮ್ಮಿ ಇತ್ತು ಅತ್ಗೆ. ಲೋಡಿಲ್ಲ. ನಿನ್ನಾಣೆ."

ಇರಬಹುದು. ಇಲ್ಲದಿರಬಹುದು. ಕಡ್ಡಿ ಅಷ್ಟೆಲ್ಲ ಹೇಳುವುದಿಲ್ಲ. ಅವಳು ಅವನ ಮುಖ ನೋಡುತ್ತಾಳೆ. ಕೆಲವು ದಿನ ಕೀ ಕೊಡುತ್ತಾಳೆ. ಕೆಲವು ದಿನ ಕೊಡುವುದಿಲ್ಲ, ಅವನು ಮಧ್ಯಾಹ್ನದವರೆಗೂ ಜಗಲಿಯ ಮೇಲೆ ಗೊಣಗುತ್ತ ಕೂರುತ್ತಾನೆ.

ಇವತ್ತು ಡೀಸೆಲ್ ಗೀಟಿನ ತನಕ ಇಳಿದಿತ್ತು. ಕೀ ಕೊಟ್ಟು, ಕಡ್ಡಿ ಒರೆಸಿ ಸೂರಿಗೆ ಸಿಕ್ಕಿಸಿ, ಕೈಗೆ ಬೂದಿ ಹಚ್ಚಿ ತೊಳೆದುಕೊಂಡಳು.